ಮೊದಲು ಹೆಬ್ಬೆರಳು

ಥೂ — ಪಕ್ಕದ ಗೂಡಿನಲ್ಲಿ ಉಗುಳಿದ ಸದ್ದು, ಆಮೇಲೆ ನೀರು ಮುಕ್ಕಳಿಸಿದ ಗುಳುಗುಳು, ಮತ್ತೆ ಥೂ, ಈ ಮನುಷ್ಯನಿಗೆ ಉಗುಳುವುದರಲ್ಲೂ ಒಂದು ಸಡಗರ, ಏಳು ವರ್ಷದಿಂದ ಕೇಳಿ ಕೇಳಿ ಅವಳ ಕಿವಿಗೇ ವಾಕರಿಕೆ ಬಂದುಬಿಟ್ಟಿದೆ, ಹಲಗೆಯ ಆಚೆ ಕೂತವನ ಮುಖಕ್ಕಿಂತ ಅವನ ಗಂಟಲೇ ಅವಳಿಗೆ ಹೆಚ್ಚು ಪರಿಚಯ, ಅದಕ್ಕೇ ಮನಸ್ಸಿನಲ್ಲಿ ಅವನಿಗೆ ಗಂಟಲಪ್ಪ ಎಂದೇ ಹೆಸರಿಟ್ಟುಕೊಂಡಿದ್ದಾಳೆ — ಒಂದೇ ಕೋಣೆಗೆ ಹಲಗೆ ಹೊಡೆದು ಮಾಡಿದ ಎಂಟು ಗೂಡು, ಗೂಡಿಗೊಂದು ಸ್ಟೂಲು, ಒಂದು ಲೋಟ ನೀರು, ನಾಲಿಗೆ ತೊಳೆದುಕೊಳ್ಳಲು ಎರಡು ಉಪ್ಪಿಲ್ಲದ ಬಿಸ್ಕತ್ತು, ಉಗುಳಲು ಮುಚ್ಚಳದ ಡಬ್ಬಿ, ತಲೆಯ ಮೇಲೆ ಕೆಂಪು ದೀಪ, ಕುರುಕಲು ತಿಂಡಿಯ ಕಾರ್ಖಾನೆಯಲ್ಲಿ ರುಚಿ ನೋಡುವವರ ವಿಭಾಗ ಎಂದರೆ ಇಷ್ಟೇ. ದೀಪ ಕೆಂಪು ಯಾಕೆಂದರೆ ಬಣ್ಣ ಕಾಣಬಾರದು, ಬಣ್ಣ ಕಂಡರೆ ಕಣ್ಣು ಹೋಗಿ ನಾಲಿಗೆಗೆ ಚಾಡಿ ಹೇಳುತ್ತದೆ. ಎದುರಿನ ಸಣ್ಣ ಬಾಗಿಲು ಸರಿಯಿತು, ತಟ್ಟೆ ಕೊಡುವ ಹೆಂಗಸಿನ ಕೈಗವಸು ಕಂಡಿತು, ತಟ್ಟೆಯಲ್ಲಿ ಎರಡು ಕಾಗದದ ಬಟ್ಟಲು, ಮೇಲೆ ನಂಬರು ಮಾತ್ರ, ೪೧೮, ೭೦೩, ನಿನ್ನೆಯವೇ — ಮೊದಲ ದಿನ ಬರೀ ರುಚಿ, ಎರಡನೆಯ ದಿನ ಮತ್ತೆ ರುಚಿ ನೋಡಿ ಅಂಕ, ಅದು ಇಲ್ಲಿನ ಪದ್ಧತಿ. ಅಗಿಯಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಉಗುಳಬೇಕು. ನುಂಗುವ ಹಾಗಿಲ್ಲ. ಏಳು ವರ್ಷದಲ್ಲಿ ಈ ಸ್ಟೂಲಿನ ಮೇಲೆ ಕೂತು ಅವಳು ಒಂದೇ ಒಂದು ಚೂರೂ ನುಂಗಿದವಳಲ್ಲ, ಅದೊಂದು ಹೆಮ್ಮೆ ಇತ್ತು, ನಿನ್ನೆ ಸಂಜೆಯವರೆಗೂ ಇತ್ತು.

೪೧೮ನ್ನು ಎತ್ತಿಕೊಂಡಳು, ಬೆರಳಷ್ಟು ಉದ್ದದ ಮೆಕ್ಕೆಜೋಳದ ಹಿಟ್ಟಿನ ಕೊಳವೆ, ಮೈತುಂಬ ಚೀಸ್ ಪುಡಿ, ಹಗಲಿನಲ್ಲಿ ನೋಡಿದರೆ ಕಿತ್ತಳೆ ಬಣ್ಣ, ಇಲ್ಲಿ ಬಣ್ಣವೇ ಇಲ್ಲ — ಕಚ್ಚಿದಳು, ಕರುಂ, ಉಪ್ಪು ಮೊದಲು ಬಂತು, ಹಿಂದೆಯೇ ಹುಳಿ, ಅದರ ಬಾಲ ಹಿಡಿದುಕೊಂಡು ಸಿಹಿ, ಕೊನೆಯಲ್ಲಿ ಅಂಗುಳಿಗೆ ಮೇಣ ಬಳಿದ ಹಾಗೆ ಎಣ್ಣೆ, ಥೂ. ಡಬ್ಬಿಯ ತಳದಲ್ಲಿ ಅವಳದೇ ಎಂಜಲು ನೊರೆನೊರೆಯಾಗಿ ಕೂತಿತು, ಮುಚ್ಚಳ ಹಾಕಿದಳು. ಕರಗಲಿಲ್ಲ, ಸ್ವಲ್ಪ ತಡವಾಯಿತು, ಹಲ್ಲಿಗೆ ಅಂಟಿತು, ಹೀಗೆಂದು ಬರೆಯಬೇಕು — ಬಾಯಿಗಿಟ್ಟ ತಕ್ಷಣ ಕರಗ್ಬೇಕು ಕಣ್ರೀ, ಎಂದು ಫಾರ್ಮುಲಾ ಸಾಹೇಬರು ಹೇಳಿದ್ದು ಎರಡು ವರ್ಷದ ಹಿಂದೆ, ಬಿಳಿ ಕೋಟು, ಕೋಟಿನ ಜೇಬಲ್ಲಿ ಮಾತ್ರ ಮನೆಯಿಂದ ತಂದ ಸೇಬು, ಸಾಹೇಬರು ಕಾರ್ಖಾನೆಯ ಸರಕನ್ನು ಮುಟ್ಟುವವರಲ್ಲ — ಕರಗಿಬಿಟ್ರೆ ತಿಂದಿದ್ದು ತಲೆಗೆ ಗೊತ್ತಾಗಲ್ಲ, ಗೊತ್ತಾಗ್ಲಿಲ್ಲ ಅಂದ್ರೆ ಕೈ ನಿಲ್ಲಲ್ಲ, ಕೈ ನಿಲ್ಲಬಾರ್ದು, ಅಷ್ಟೇ ನಮ್ಮ ಕೆಲಸ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಜಾಣತನದ ಮಾತು ಕೇಳಿದಾಗ ನಗುವಂತೆ ನಕ್ಕಳು, ಈಗ ನೆನೆದರೆ ಆ ನಗುವನ್ನೂ ಡಬ್ಬಿಗೆ ಉಗುಳಬೇಕೆನಿಸುತ್ತದೆ. ಆವತ್ತು ಸಾಹೇಬರು ಎಲ್ಲರೆದುರು, ಇವರದು ಬಂಗಾರದ ನಾಲಿಗೆ, ಇವರು ಹತ್ತಕ್ಕೆ ಒಂಬತ್ತು ಕೊಟ್ಟ ಸರಕು ಅಂಗಡೀಲಿ ಸೋತಿದ್ದೇ ಇಲ್ಲ, ಎಂದಿದ್ದರು, ಗಂಟಲಪ್ಪ ಹೊಟ್ಟೆಕಿಚ್ಚಿನಲ್ಲಿ ಕೆಮ್ಮಿದ್ದ. ಬಂಗಾರವಂತೆ, ಮಣ್ಣು, ಅದು ಅವಳ ನಾಲಿಗೆ ಆಗಿದ್ದರೆ ತಾನೆ.

ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡಳು, ಹೊಟ್ಟಿನಂತೆ ಒಣಗಿತ್ತು, ಆ ಸಪ್ಪೆಯೇ ಒಂದು ಪುಣ್ಯ — ಗುಬ್ಬಿ ಇದನ್ನು ಮುಟ್ಟುವುದಿಲ್ಲ. ಹತ್ತು ವರ್ಷದ ಮಗಳು, ಹುಟ್ಟಿದಾಗ ಎರಡು ಕಿಲೋ ಚಿಲ್ಲರೆ, ತುತ್ತು ತಿನ್ನುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ, ಅದಕ್ಕೇ ಗುಬ್ಬಿ ಎಂದು ಕರೆದದ್ದು, ಈಗ ಇಷ್ಟು ದಪ್ಪಗಾದವಳನ್ನು ಆ ಹೆಸರು ಹಿಡಿದು ಕೂಗಿದರೆ ಬೀದಿಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಶನಿವಾರ ಬಂತೆಂದರೆ ಕಾರ್ಖಾನೆಯವರು ಕೆಲಸದವರಿಗೆ ಚೂರುಪಾರಿನ ಚೀಲ ಕೊಡುತ್ತಾರೆ, ಮುರಿದದ್ದು, ಸೀಲು ಸೊಟ್ಟಗಾದದ್ದು, ಪುಕ್ಕಟೆ, ಗಂಡ ಚೀಲ ಕಂಡ ಕೂಡಲೇ ಟಿವಿ ಹಾಕುತ್ತಾನೆ, ಕೊಡೋರು ಕೊಡ್ತಾರೆ, ಬೇಡ ಅನ್ನೋಕೆ ನಮಗೇನು ಹುಚ್ಚಾ, ಜೊತೆಗೆ ಬಣ್ಣದ ಪಾನೀಯದ ದೊಡ್ಡ ಬಾಟಲಿ, ಅಪ್ಪ ಮಗಳು ಸೋಫಾದ ಮೇಲೆ, ನಡುವೆ ಚೀಲ, ಒಳಗೆ ಹೋಗುವ ಎರಡು ಕೈ. ಚೀಲ ಮುಗಿದ ಮೇಲೆ ಗುಬ್ಬಿ ಬೆರಳು ನೆಕ್ಕುತ್ತಾಳೆ, ಅದಕ್ಕೊಂದು ಕ್ರಮ ಇದೆ, ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಆಮೇಲೆ ಒಂದೊಂದಾಗಿ ಕಿರುಬೆರಳಿನವರೆಗೆ, ಉಗುರಿನ ಸಂದಿಗೆ ಹಲ್ಲು ಹಾಕಿ ಕೆರೆದು, ಚಪ್ ಚಪ್ ಎಂದು, ಅಮ್ಮನಾಗಿದ್ದೂ ಅವಳಿಗೆ ಅದನ್ನು ನೋಡಲಾಗುವುದಿಲ್ಲ, ಹೇಸಿಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ನೋಡಿ ಹೇಸಿಗೆ ಪಟ್ಟುಕೊಳ್ಳುವ ಅಮ್ಮ, ಇವಳ ಮುಖಕ್ಕಿಷ್ಟು. ಕುತ್ತಿಗೆಯೂ ಅಷ್ಟೇ, ಹಿಂಭಾಗ ಕಪ್ಪಾಗಿ ಗೆರೆಗೆರೆಯಾಗಿ, ಕೊಳೆ ಎಂದುಕೊಂಡಳು, ಹತ್ತು ವರ್ಷಕ್ಕೆ ಸ್ನಾನ ಮಾಡೋಕೂ ಬರಲ್ವೇನೇ, ಎಂದು ಬಚ್ಚಲಲ್ಲಿ ಕೂರಿಸಿ ಪಾತ್ರೆ ತಿಕ್ಕುವ ನಾರಿನಿಂದಲೇ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ನಿಂಬೆ ಹಾಕಿ ಉಜ್ಜಿದಳು, ಉರೀತಿದೆ ಅಮ್ಮಾ, ಉರೀಲಿ, ಚರ್ಮ ಕೆಂಪಾಗಿ ರಕ್ತ ಜಿನುಗಿತು, ಮಾರನೆಯ ದಿನ ಅದೇ ಕಪ್ಪು ಅದೇ ಜಾಗದಲ್ಲಿ ಕೂತಿತ್ತು. ಒಂದು ತಿಂಗಳು ಉಜ್ಜಿದಳು, ದಿನಾ.

ಅದು ಕೊಳೆ ಅಲ್ಲಮ್ಮ, ಎಂದರು ಡಾಕ್ಟರಮ್ಮ, ನಿನ್ನೆ ಸಂಜೆ, ಗುಬ್ಬಿಯ ಕೂದಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ದಯವಿಟ್ಟು ಇನ್ನು ಉಜ್ಜಬೇಡಿ, ಸಕ್ಕರೆ ಸಂಭಾಳಿಸೋಕೆ ಮೈ ಒದ್ದಾಡ್ತಿದೆ ಅಂತ ಚರ್ಮ ಹೇಳ್ತಿದೆ ಅಷ್ಟೇ. ಆಮೇಲೆ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನು, ಗುಬ್ಬಿ ಕಚಗುಳಿ ಎಂದು ನಕ್ಕಳು, ಪರದೆಯ ಮೇಲೆ ಬೂದು ಬಣ್ಣದ ಮೋಡ, ಇದು ಲಿವರ್, ಇಷ್ಟು ಬೆಳ್ಳಗೆ ಕಾಣಬಾರ್ದು, ಕೊಬ್ಬು ಕೂತಿದೆ. ಹತ್ತು ವರ್ಷಕ್ಕಾ ಡಾಕ್ಟ್ರೇ, ಕುಡಿಯೋರಿಗೆ ಬರೋದಲ್ವಾ ಅದು. ಕುಡಿಯದೇ ಇದ್ರೂ ಬರುತ್ತೆ, ಬಣ್ಣದ ಪಾನೀಯ ಕುಡೀತಾಳಾ, ಒಂದು ಸಣ್ಣ ಬಾಟಲಿ ಅಂದ್ರೆ ಹತ್ತು ಚಮಚದ ಹತ್ತಿರ ಸಕ್ಕರೆ, ಪ್ಯಾಕೆಟ್ ತಿಂಡಿ ಎಷ್ಟು ತಿಂತಾಳೆ — ಎಷ್ಟು ಎಂದು ಹೇಳುವುದು, ಚೀಲ ಎನ್ನುವುದೋ ಕಿಲೋ ಎನ್ನುವುದೋ, ಅಪರೂಪಕ್ಕೆ, ಎಂದಳು, ಡಾಕ್ಟರಮ್ಮ ಅವಳ ಮುಖ ನೋಡಿದರು, ನಂಬಲಿಲ್ಲ, ಬೈಯಲೂ ಇಲ್ಲ. ಹೆದರ್ಬೇಡಿ, ಈ ವಯಸ್ಸಲ್ಲಿ ಬದಲಾಯಿಸಿದ್ರೆ ಲಿವರ್ ಸುಧಾರಿಸ್ಕೊಳ್ಳುತ್ತೆ, ಔಷಧಿ ಬರೆಯಲ್ಲ ನಾನು, ಅಗಿಯೋ ಊಟ ಕೊಡಿ, ಕಾಳು, ತರಕಾರಿ, ಹಣ್ಣು ಕೊಟ್ರೆ ಸಿಪ್ಪೆ ಸಮೇತ, ಅಗಿದು ನಿಧಾನವಾಗಿ ತಿಂದ್ರೆ ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗುತ್ತೆ, ಆಗ ಕೈ ತಾನೇ ನಿಲ್ಲುತ್ತೆ. ಕೈ ನಿಲ್ಲುತ್ತೆ ಎಂದರು. ಸಾಹೇಬರು ಹೇಳಿದ್ದೂ ಇದೇ ಪಾಠ, ಇದೇ ತಲೆ, ಇದೇ ಕೈ, ಒಬ್ಬರು ನಿಲ್ಲಿಸುವುದಕ್ಕೆ, ಒಬ್ಬರು ನಿಲ್ಲದಿರುವುದಕ್ಕೆ. ಹೀಗೇ ಬಿಟ್ಟುಬಿಟ್ರೆ ಏನಾಗುತ್ತೆ, ಎಂದು ಕೇಳಿದಳು, ಕೇಳಬಾರದಿತ್ತು, ಗುಬ್ಬಿ ಪಕ್ಕದಲ್ಲೇ ಇದ್ದಳು — ಬಿಟ್ರೆ ಮೊದಲು ಸಕ್ಕರೆ ಕಾಯಿಲೆ, ಆಮೇಲೆ ಲಿವರ್ ಗಟ್ಟಿ ಆಗ್ತಾ ಹೋಗುತ್ತೆ, ಬಿಡಬೇಡಿ, ಮನೆಗೆ ತರೋರು ಯಾರೋ ಅವರು ತರೋದು ನಿಲ್ಲಿಸ್ಬೇಕು. ತರುವವಳು ಅವರೆದುರೇ ಕೂತಿದ್ದಳು, ತೊಡೆಯ ಮೇಲೆ ಕೈಚೀಲ, ಕೈಚೀಲದೊಳಗೆ ಕರವಸ್ತ್ರ, ಕರವಸ್ತ್ರದ ಒಂದು ಮೂಲೆಯಲ್ಲಿ ಒಂಟಿ ಗಂಟು, ಇನ್ನೊಂದು ಮೂಲೆಯಲ್ಲಿ ಜೋಡಿ ಗಂಟು.

ಗಂಟಿನ ಕತೆ ಯಾರಿಗೂ ಗೊತ್ತಿಲ್ಲ, ಗಂಡನಿಗೂ — ನಾಲ್ಕು ವರ್ಷದ ಹಿಂದೆ ಒಂದು ನೆಗಡಿ, ಮೂರು ವಾರ ಬಿಡಲಿಲ್ಲ, ಮೂಗು ಕಟ್ಟಿ ನಾಲಿಗೆ ರಟ್ಟಾಗಿ ಹೋಯಿತು, ಉಪ್ಪೂ ಒಂದೇ ಸಕ್ಕರೆಯೂ ಒಂದೇ, ನಾಲಿಗೆ ಸತ್ತವಳಿಗೆ ಇಲ್ಲಿ ಏನು ಕೆಲಸ, ಪ್ಯಾಕಿಂಗಿಗೆ ಹಾಕುತ್ತಾರೆ ಎಂದು ಹೆದರಿದಳು. ಆಗ ಹೊಳೆದ ಉಪಾಯ, ಮೊದಲ ದಿನದ ತಟ್ಟೆಯಲ್ಲಿ ಉಳಿದದ್ದನ್ನು ಕರವಸ್ತ್ರಕ್ಕೆ ಕಟ್ಟಿಕೊಂಡು ಹೋದಳು, ಮೊದಲ ಬಟ್ಟಲಿನದಕ್ಕೆ ಒಂಟಿ ಗಂಟು, ಎರಡನೆಯದಕ್ಕೆ ಜೋಡಿ ಗಂಟು, ಮನೆಯಲ್ಲಿ ಎರಡು ಬಟ್ಟಲಿಗೆ ಸುರಿದು ಗುಬ್ಬಿಯ ಮುಂದಿಟ್ಟಳು, ಯಾವುದು ಮೊದಲು ಖಾಲಿಯಾಗುತ್ತದೆ ಎಂದು ಬಾಗಿಲ ಮರೆಯಲ್ಲಿ ನಿಂತು ನೋಡಿದಳು, ಮಾರನೆಯ ದಿನ ಅದಕ್ಕೇ ಒಂಬತ್ತು. ಆ ಸರಕನ್ನು ಜನ ಅಂಗಡಿಗಳಿಂದ ಬಾಚಿಕೊಂಡು ಹೋದರು. ನೆಗಡಿ ಹೋಯಿತು, ಬಟ್ಟಲು ಉಳಿಯಿತು, ಯಾಕೆ ಬಿಡಬೇಕು, ಮಗುವಿನ ಕೈ ಸುಳ್ಳು ಹೇಳುವುದಿಲ್ಲ, ದೊಡ್ಡವರ ನಾಲಿಗೆ ಹೇಳುತ್ತದೆ. ನಾಲ್ಕು ವರ್ಷ. ತಾನು ಉಗುಳಿದ್ದನ್ನು ಮಗಳು ನುಂಗಿದಳು, ಹೀಗೆಂದು ತನಗೇ ಹೇಳಿಕೊಂಡು ಲೋಟದ ನೀರು ಕುಡಿದಳು. ನಿನ್ನೆ ಆಸ್ಪತ್ರೆಯಿಂದ ಬಂದು ಬಟ್ಟೆ ಬದಲಾಯಿಸಿ ಅಡುಗೆಮನೆಗೆ ಕಾಲಿಟ್ಟರೆ ಮೇಜಿನ ಮೇಲೆ ಎರಡು ಬಟ್ಟಲು, ತೊಳೆದು, ಒರೆಸಿ, ಪಕ್ಕಪಕ್ಕ, ಕುರ್ಚಿಯ ಮೇಲೆ ಗುಬ್ಬಿ, ಕೈ ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಕೂತವರ ಹಾಗೆ — ಅಮ್ಮಾ, ನಾಳೆ ನೀನು ಮಾರ್ಕ್ಸ್ ಕೊಡ್ಬೇಕಲ್ವಾ. ನಿಂಗೆ ಹೇಗೇ ಗೊತ್ತು. ಮೊದಲಿಂದಾನೂ ಗೊತ್ತು, ನೀನು ಬಾಗಿಲ ಹಿಂದೆ ನಿಂತ್ಕೋತೀಯ, ಹೊಟ್ಟೆ ತುಂಬಿದ್ರೂ ನಾನು ಎರಡೂ ಮುಗಿಸ್ತೀನಿ, ಇಲ್ದಿದ್ರೆ ನಿಂಗೆ ಗೊತ್ತಾಗಲ್ವಲ್ಲ. ಅವಳು ಬಟ್ಟಲುಗಳನ್ನು ಎತ್ತಿ ಸಿಂಕಿಗೆ ಎಸೆದಳು, ಕರವಸ್ತ್ರವನ್ನು ಗಂಟಿನ ಸಮೇತ ಕಸದ ಡಬ್ಬಿಗೆ ಹಾಕಿದಳು, ಇನ್ನು ಇದು ಈ ಮನೆಗೆ ಬರಲ್ಲ ಎಂದು ಕಿರುಚಿದಳು, ಹಾಗಾದ್ರೆ ನಿನ್ನ ಕೆಲಸ, ಎಂದು ಗುಬ್ಬಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು. ನನ್ನ ಕೆಲಸ ಸುಟ್ಟುಹೋಗಲಿ ಕಣೇ, ನೀನು ಉಳಿ, ಎಂದು ಅಪ್ಪಿಕೊಳ್ಳಬೇಕಿತ್ತು, ಆ ಬುದ್ಧಿ ಬಂದದ್ದು ಈಗ, ಈ ಸ್ಟೂಲಿನ ಮೇಲೆ.

ಬೆಳಿಗ್ಗೆ ಸೇಬು ಹೆಚ್ಚಲು ಎದ್ದಳು, ಸಿಪ್ಪೆ ಸಮೇತ, ಡಾಕ್ಟರಮ್ಮ ಹೇಳಿದ ಹಾಗೆ, ಇವತ್ತಿನಿಂದಲೇ ಎಂದುಕೊಂಡು ಲೈಟು ಹಾಕಿದರೆ — ಕಸದ ಡಬ್ಬಿಯ ಪಕ್ಕ ಕುಕ್ಕರುಗಾಲಲ್ಲಿ ಗುಬ್ಬಿ, ಈರುಳ್ಳಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಒದ್ದೆ ಚಹಾ ಪುಡಿ ಎಲ್ಲ ನೆಲದ ಮೇಲೆ ಸಾಲಾಗಿ ತೆಗೆದಿಟ್ಟು, ಕಂದು ನೀರು ಹೀರಿಕೊಂಡ ಕರವಸ್ತ್ರ ಬಿಚ್ಚಿಕೊಂಡು, ಬಾಯಿ ಆಡುತ್ತಿದೆ, ಕಪ್ಪು ಕುತ್ತಿಗೆ ಬಗ್ಗಿದೆ, ಕೈ ಎತ್ತಿ ನೆಕ್ಕುತ್ತಿದ್ದಾಳೆ, ಮೊದಲು ಹೆಬ್ಬೆರಳು. ಅಯ್ಯೋ ಥೂ ಉಗುಳೇ, ಉಗುಳು, ಎಂದು ಬಾಯಿಗೆ ಬೆರಳು ಹಾಕಲು ಹೋದಳು, ಗುಬ್ಬಿ ಗಬಕ್ಕನೆ ನುಂಗಿಬಿಟ್ಟಳು, ನುಂಗಿ, ಅಳಲಿಲ್ಲ, ನಕ್ಕಳು, ಅಮ್ಮನಿಗೆ ಸಹಾಯ ಮಾಡಿದ ಮಗುವಿನ ನಗು, ಹಲ್ಲಿಗೆಲ್ಲ ಕಿತ್ತಳೆ — ಎರಡು ಗಂಟಿಂದು ಅಮ್ಮಾ, ಎರಡು ಗಂಟಿಂದೇ ಬೇಗ ಖಾಲಿಯಾಗೋದು, ಅದಕ್ಕೇ ಒಂಬತ್ತು ಕೊಡು.

ಎರಡು ಗಂಟು, ಅಂದರೆ ೭೦೩. ಅವಳಿಗೆ ಉತ್ತರ ಗೊತ್ತಿದೆ, ರುಚಿ ನೋಡುವ ಅಗತ್ಯವೇ ಇಲ್ಲ, ಸುಳ್ಳು ಬರೆಯುತ್ತೇನೆ, ಎರಡು ಕೊಡುತ್ತೇನೆ, ಇದು ಅಂಗಡಿಗೆ ಹೋಗದಿರಲಿ, ಬೇರೆ ಯಾವ ಮನೆಯ ಕಸದ ಡಬ್ಬಿಯ ಹತ್ತಿರವೂ ಯಾರ ಗುಬ್ಬಿಯೂ ಕೂರದಿರಲಿ, ಎರಡು ಅಂಕವೂ ಬೇಡ, ಸೊನ್ನೆ, ಬಂಗಾರದ ನಾಲಿಗೆಯ ಸೊನ್ನೆ, ಸಾಹೇಬರು ಬೆಚ್ಚಿಬೀಳಲಿ. ಶನಿವಾರದ ಚೀಲ ಇನ್ನು ಬೇಡ ಎಂದು ರುಜು ಹಾಕಿ ಕೊಡುತ್ತೇನೆ, ಪ್ಯಾಕಿಂಗಿಗೆ ಹಾಕಿದರೆ ಹಾಕಲಿ. ಪೆನ್ನು ಎತ್ತಿಕೊಂಡಳು, ಕಾಗದದ ಕೊನೆಯ ಪ್ರಶ್ನೆ ಎಂದಿನದೇ, ಇನ್ನೊಂದು ಬೇಕೆನಿಸಿತೇ. ಇಲ್ಲ, ಎಂದು ಬರೆಯುವ ಮುಂಚೆ ಒಂದೇ ಒಂದು, ಗುಬ್ಬಿಯನ್ನು ಕಸದೊಳಗೆ ಇಳಿಸಿದ್ದು ಏನೆಂದು ತಾನೂ ತಿಳಿಯಬೇಡವೇ, ೭೦೩ರ ಬಟ್ಟಲಿನಿಂದ ಒಂದನ್ನು ಬಾಯಿಗಿಟ್ಟಳು, ಕರುಂ ಎನ್ನುವಷ್ಟರಲ್ಲಿ ಇಲ್ಲ, ಕರಗಿ ಹೋಗಿತ್ತು, ಉಗುಳಲು ಬಾಯಲ್ಲಿ ಏನೂ ಉಳಿದಿರಲಿಲ್ಲ, ಅದೇನದು, ಉಪ್ಪೋ ಹುಳಿಯೋ, ಸರಿಯಾಗಿ ಸಿಗಲಿಲ್ಲ, ಇನ್ನೊಂದು, ಹೇಸಿಗೆ, ಹಂದಿಯೂ ಇದನ್ನು ಮೂಸುವುದಿಲ್ಲ, ಚಹಾ ಪುಡಿಯ ಕಂದು ನೀರು, ಮೊಟ್ಟೆಯ ಚಿಪ್ಪು, ಇನ್ನೊಂದು, ಬೆಳ್ಳಗಿನ ಲಿವರು, ಅಗಿಯೋ ಊಟ ಕೊಡಿ, ನಾರಿನಲ್ಲಿ ಉಜ್ಜಿದ ಕುತ್ತಿಗೆ, ಉರೀತಿದೆ ಅಮ್ಮಾ, ಉರೀಲಿ, ಇನ್ನೊಂದು — ಬೆರಳಿಗೆ ಬಟ್ಟಲಿನ ತಳ ತಾಗಿತು. ಪಕ್ಕದಲ್ಲಿ ಗಂಟಲಪ್ಪ ಥೂ ಎಂದ. ಬಾಗಿಲು ಸರಿಯಿತು, ಆಯ್ತೇನಮ್ಮಾ, ಅಂಕ ಹಾಕಿದ್ಯಾ, ಕೈಗವಸು ಕಾಯುತ್ತಾ ನಿಂತಿತು, ಕಾಗದ ಖಾಲಿ, ಉಗುಳುವ ಡಬ್ಬಿಯ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು, ಅವಳು ತನ್ನ ಕೈ ನೋಡಿದಳು, ಕೆಂಪು ದೀಪದಲ್ಲಿ ಪುಡಿ ಕಾಣುವುದಿಲ್ಲ, ಐದೂ ಬೆರಳು ಈಗಷ್ಟೇ ತೊಳೆದ ಹಾಗೆ ಚೊಕ್ಕಟ, ಅಷ್ಟು ಚೊಕ್ಕಟವಾದ ಕೈ ತಾನಾಗಿ ಮೇಲೆದ್ದು ಬಾಯಿಯ ಹತ್ತಿರ ಬಂತು, ಮೊದಲು ಹೆಬ್ಬೆರಳು —