ಸೊಟ್ಟ ಅಣಬೆಯ ಗುಟ್ಟು

ಅವಳ ಪ್ರಯೋಗಾಲಯಕ್ಕೆ ಅಣಬೆ ಕೊಡುತ್ತಿದ್ದವನು ಸ್ವಂತ ಸೋದರಮಾವನೇ. ಮರದ ಹೊಟ್ಟು ತುಂಬಿದ ಚೀಲಗಳಲ್ಲಿ ಅವನು ಬೆಳೆಯುತ್ತಿದ್ದ ಔಷಧಿ ಅಣಬೆ ವಾರ್ನಿಶ್ ಬಳಿದಂತೆ ಕೆಂಪಗೆ ಹೊಳೆಯುತ್ತಿತ್ತು. ಅವಳು ಅದನ್ನು ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸುತ್ತಿದ್ದಳು. ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ, ಏಳನೇ ಸೀಸೆಯ ಸಾರ ಬಿದ್ದ ತಟ್ಟೆಯಲ್ಲಿ ಕೋಶಗಳೆಲ್ಲ ಸತ್ತು ಬಿದ್ದಿದ್ದವು!

ಆದರೆ ಹೊಸ ಅಣಬೆ ತರಿಸಿ ಮತ್ತೆ ಮಾಡಿದರೆ ಏನೂ ಇಲ್ಲ. ಮೂರನೇ ಸಲವೂ ಅದೇ ಹಾಡು.

"ಏನಮ್ಮಾ, ನಿನ್ನ ಏಳನೇ ಸೀಸೆ ಮುನಿಸ್ಕೊಂಡು ತವರಿಗೆ ಹೋಯ್ತಾ?" ಎಂದರು ಅವಳ ಗೈಡ್ ಮೇಡಂ.

ಅವಳು ನೇರವಾಗಿ ಮಾವನ ಶೆಡ್ಡಿಗೆ ಹೋದಳು.

"ಮಾವ, ಆ ಸಲ ಕೊಟ್ಟಿದ್ದು ಯಾವ ಅಣಬೆ? ನಿಜ ಹೇಳು."

ಮಾವ ಕತ್ತು ಕೆರೆದುಕೊಂಡ. "ಬೈಬಾರ್ದು ಮತ್ತೆ."

"ಬೈಯಲ್ಲ."

"ಫ್ಯಾನ್ ಕೆಟ್ಟಿತ್ತು ಕಣೇ. ಮೂಲೆ ಚೀಲಗಳಿಗೆಲ್ಲ ಹಸಿರು ಬೂಷ್ಟು ಹಿಡೀತು. ಅಣಬೆ ಮೇಕೆ ಕಿವಿ ಥರ ಸೊಟ್ಟಗೆ ಬಂತು, ಯಾರೂ ಮುಟ್ಟಲ್ಲ. ನೀನು ಹೇಗೂ ಪುಡಿ ಮಾಡ್ತೀಯ, ಪುಡಿಗೆ ಯಾವ ಅಂದ ಚೆಂದ ಅಂತ ನಿನ್ನ ತಲೆಗೆ ಕಟ್ಟಿದೆ. ಆಮೇಲೆ ಅಕ್ಕನ ಮಗಳಿಗೇ ಟೋಪಿ ಹಾಕಿದ್ನಲ್ಲಾ ಅಂತ ಮನಸ್ಸು ಚುಚ್ಚಿ, ಒಂದನೇ ದರ್ಜೆ ಮಾಲೇ ಕಳಿಸಿದೆ."

ಅವಳು ಹೊಟ್ಟು ಮೂಟೆಯ ಮೇಲೆ ಕುಸಿದು ಕೂತು ನಕ್ಕೇ ನಕ್ಕಳು. ಬೂಷ್ಟು ಮೈಮೇಲೆ ಬಿದ್ದಾಗ ಅಣಬೆ ಜೀವ ಉಳಿಸಿಕೊಳ್ಳಲು ವಿಷ ತಯಾರಿಸಿರಬೇಕು. ಸುಖದಲ್ಲಿ ಬೆಳೆದದ್ದಕ್ಕೆ ಅದರ ಗೊಡವೆ ಯಾಕೆ?

"ಮಾವ, ನಂಗೆ ಆ ದರಿದ್ರ ಅಣಬೆನೇ ಬೇಕು."

"ಮೂವತ್ತು ವರ್ಷದ ಕಸುಬು ನಂದು! ಬೇಕೂಂತ ಕೆಡಿಸಿದ್ರೆ ನಾಲ್ಕು ಜನ ಉಗೀತಾರೆ."

ಕೊನೆಗೆ, ಗಿರಾಕಿಗಳ ಕಣ್ಣಿಗೆ ಬೀಳದಂತೆ ಪರದೆ ಕಟ್ಟಿ, ಹತ್ತು ಚೀಲಗಳಿಗೆ ಅವನೇ ಬೂಷ್ಟು ಅಂಟಿಸಿದ. ದಿನಾ ಇಣುಕಿ ನೋಡಿ, "ಇನ್ನೂ ಸ್ವಲ್ಪ ನರಳಿ" ಎಂದು ಗದರುತ್ತಿದ್ದ. ಆ ಅಣಬೆಯಿಂದ ಯಾರೂ ಕಂಡಿರದ ಎರಡು ಸಂಯುಕ್ತಗಳು ಸಿಕ್ಕವು. ಕೋಶಗಳು ಮೂರಕ್ಕೆ ಮೂರು ಸಲವೂ ಸತ್ತವು. ಮೇಡಂ ಗೇಲಿ ನಿಲ್ಲಿಸಿದರು.

"ತಟ್ಟೆಯಿಂದ ಮಾತ್ರೆಗೆ ಇನ್ನೂ ಬಹಳ ದೂರ ಇದೆ ಮಾವ," ಎಂದಳು.

"ಇರಲಿ. ನೀನು ಇದರ ಬಗ್ಗೆ ಬರೆಯೋ ಲೇಖನದಲ್ಲಿ ನನ್ನ ಹೆಸರು ಹಾಕು. ಆ ಅಣಬೆ ಫೋಟೋ ಮಾತ್ರ ಹಾಕ್ಬೇಡ, ಮರ್ಯಾದೆ ಪ್ರಶ್ನೆ."

ಅವಳು ಎರಡನ್ನೂ ಹಾಕಿದಳು, ಫೋಟೋವನ್ನು ಅರ್ಧ ಪುಟಕ್ಕೆ.