ದೂರೇನೂ ಇಲ್ಲ, ಸರ್

ಇಡೀ ಫಿರಂಗಿ ದಳ ಕಬ್ಬಿಣದಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಎಡಗಾಲಿನಲ್ಲಿ ಮಂಡಿಯೇ ಇರಲಿಲ್ಲ ಎನ್ನಬೇಕು. ಮಂಡಿಯ ಜಾಗದಲ್ಲಿ ಇದ್ದದ್ದು ಊದಿಕೊಂಡ ಒಂದು ಗಂಟು. ಇದು ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ. ಅವಳು ದರ್ಜಿ. ಸೈನಿಕರ ವಸತಿಗೃಹಗಳ ಸಾಲಿನ ಕೊನೆಯ ಮನೆಯಲ್ಲಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಅರ್ಧ ದಳದ ಸಮವಸ್ತ್ರ ಹಿಡಿಸಿ ಬಿಡಿಸಿ ಕೊಡುತ್ತಿದ್ದಳು. ಎಂಟು ವರ್ಷದಲ್ಲಿ ಗಂಡನ ಪ್ಯಾಂಟಿನ ಎಡಗಾಲನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದ್ದಳು. ಗಂಡ ಸುಳ್ಳು ಹೇಳಿದರೂ ಅಳತೆಯ ಟೇಪು ಹೇಳುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ, ಇಳಿಜಾರಿನಲ್ಲಿ ಫಿರಂಗಿಯನ್ನು ಲಾರಿಯಿಂದ ಬಿಚ್ಚುವಾಗ ಕೊಂಡಿ ಜಾರಿ, ಕಬ್ಬಿಣದ ತೊಲೆ ಇವನ ಮಂಡಿಗೆ ಬಡಿದಿತ್ತು. ಮೂರು ದಿನ ವಿಶ್ರಾಂತಿ ಎಂದು ಡಾಕ್ಟರು ಚೀಟಿ ಬರೆದರು. ಈ ಮಹಾನುಭಾವ ಮಾರನೆಯ ದಿನವೇ ಕೆಲಸಕ್ಕೆ ಹೋದ. ಅವತ್ತೇ ಆ ಬಿರುದು ಸಿಕ್ಕಿದ್ದು. ಬಿರುದನ್ನು ದಳದವರು ಇಟ್ಟುಕೊಂಡರು, ನೋವನ್ನು ಮನೆಗೆ ಕಳಿಸಿದರು. ಆಮೇಲೆ ಪ್ರತಿ ರಾತ್ರಿ ಬಿಸಿನೀರಿನ ಬಟ್ಟೆ ಕಟ್ಟುವ ಕೆಲಸ ಅವಳದಾಯಿತು.

ಈಗ ಇಪ್ಪತ್ತೆರಡು ವರ್ಷದ ಸೇವೆ ಮುಗಿದು ನಿವೃತ್ತಿ ಬಂದಿತ್ತು. ವಯಸ್ಸು ನಲವತ್ತೊಂದು. ಆ ವಯಸ್ಸಿಗೆ ಪಿಂಚಣಿ ಎಂದರೆ ಕೇಳುವವರಿಗೆ ಹೊಟ್ಟೆಕಿಚ್ಚು, ತಿನ್ನುವವರಿಗೆ ಅರೆಹೊಟ್ಟೆ. ಮಿಕ್ಕವರೆಲ್ಲ ಕಾವಲು ಕೆಲಸವೋ ಗೋದಾಮಿನ ಕೆಲಸವೋ ಹಿಡಿಯುತ್ತಾರೆ. ಹತ್ತು ನಿಮಿಷ ನಿಂತರೆ ಗೋಡೆ ಹುಡುಕುವ ಕಾಲು ಇಟ್ಟುಕೊಂಡು ಇವನು ಯಾವ ಗೇಟು ಕಾಯುತ್ತಾನೆ? ಅವಳಿಗೆ ಈ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಇರಲಿಲ್ಲ.

ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ನಿವೃತ್ತರಾಗುವವರಿಗೂ ಮನೆಯವರಿಗೂ ಹಣಕಾಸಿನ ಬುದ್ಧಿ ಹೇಳಲೆಂದು ದಳದವರು ಒಬ್ಬ ಮೇಷ್ಟ್ರನ್ನು ಕರೆಸಿದ್ದರು. ಗಂಡಸರು ಬೆನ್ನು ನೇರ ಮಾಡಿಕೊಂಡೇ ನಿದ್ದೆ ಹೊಡೆದರು. ಅದೂ ಸೇನೆಯಲ್ಲಿ ಕಲಿಯುವ ವಿದ್ಯೆಯೇ. ಅವಳು ಮಾತ್ರ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕುವಷ್ಟು ಜಾಗ್ರತೆಯಿಂದ ಎಲ್ಲವನ್ನೂ ಬರೆದುಕೊಂಡಳು. ಸೇವೆಯಲ್ಲಿ ಆದ ಗಾಯವನ್ನು ಕೊನೆಯ ಮೆಡಿಕಲ್ ಬೋರ್ಡ್ ದಾಖಲು ಮಾಡಿದರೆ, ಪಿಂಚಣಿಯ ಜೊತೆ ಇನ್ನೊಂದು ಪಾಲು ಬದುಕಿರುವ ತನಕ ಬರುತ್ತದೆ ಎಂದರು ಮೇಷ್ಟ್ರು.

"ಆದ್ರೆ ನೋವಿದೆ ಅಂತ ಅವರೇ ಬಾಯಿಬಿಟ್ಟು ಹೇಳ್ಬೇಕು ತಾಯಿ. ದೂರು ಇಲ್ಲ ಅಂತ ಒಂದು ಸಲ ಸಹಿ ಹಾಕಿದ್ರೆ ಮುಗೀತು. ಆಮೇಲೆ ತಲೆಕೆಳಗಾಗಿ ನಿಂತ್ರೂ ಆಗಲ್ಲ."

ಮರುವಾರ ದಳದ ಗುಮಾಸ್ತ ನಮೂನೆ ಹಿಡಿದು ಮನೆಗೆ ಬಂದ. ಅವನಿಗೆ ಪೆನ್ಸಿಲ್ ಎಂದು ಹೆಸರು. ಯಾರ ನಮೂನೆಯನ್ನೂ ಖಾಲಿ ಕೊಟ್ಟವನಲ್ಲ. ಎಲ್ಲವನ್ನೂ ತಾನೇ ಮೊದಲು ಪೆನ್ಸಿಲಿನಲ್ಲಿ ತುಂಬಿಸಿ, ಸಹಿ ಆದ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದ. ಕೆಟ್ಟವನಲ್ಲ. ಮೂವತ್ತು ಜನರ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಲಿ ಎಂದು ಅಷ್ಟೆ. ದೂರುಗಳು ಎಂಬ ಅಂಕಣದ ಎದುರು ಮೂವತ್ತು ಜನರಿಗೂ 'ಇಲ್ಲ' ಎಂದೇ ಬರೆದಿದ್ದ.

"ಇದೇನಪ್ಪ ಇದು? ನಿಮ್ಮಣ್ಣನ ಮಂಡಿ ನೀನು ನೋಡಿದ್ದೀಯಾ?" ಎಂದಳು.

"ಅತ್ತಿಗೆ, ದೂರು ಬರೆದ್ರೆ ಕಡತ ದೊಡ್ಡ ಆಸ್ಪತ್ರೆಗೆ ಹೋಗುತ್ತೆ. ಮೂರು ತಿಂಗಳು ದುಡ್ಡು ನಿಲ್ಲುತ್ತೆ. ಬ್ಯಾಂಡಿನ ಜೊತೆ ಹೋಗೋಕಾಗಲ್ಲ ಅಣ್ಣಂಗೆ."

ಪಕ್ಕದಲ್ಲೇ ಕೂತಿದ್ದ ಗಂಡನ ಮುಖ ಬಾಡಿತು. ಆ ದಳದಲ್ಲಿ ನಿವೃತ್ತರಾಗುವವರೆಲ್ಲ ಒಂದೇ ದಿನ, ಒಂದೇ ಸಾಲಿನಲ್ಲಿ, ಬ್ಯಾಂಡಿನ ಹಿಂದೆ ಹೆಜ್ಜೆ ಹಾಕಿ ಗೇಟು ದಾಟುತ್ತಾರೆ. ದೂರು ಇದ್ದವರು ಹಿಂದೆ ಉಳಿದು, ಯಾವತ್ತೋ ಒಂದು ದಿನ ಪೆಟ್ಟಿಗೆ ಹೊತ್ತುಕೊಂಡು ಒಬ್ಬರೇ ಹೋಗುತ್ತಾರೆ.

"ನಾನು ಕಬ್ಬಿಣದಣ್ಣ ಕಣೇ," ಎಂದ ಗುಮಾಸ್ತ ಹೋದ ಮೇಲೆ. "ಕುಂಟ ಅನ್ನಿಸ್ಕೊಂಡು ಹೋಗ್ಲಾ?"

"ಅಲ್ರೀ, ಬ್ಯಾಂಡು ಎಷ್ಟು ಹೊತ್ತು ಬಾರಿಸ್ತಾರೆ?"

"ಹತ್ತು ನಿಮಿಷ."

"ಹತ್ತು ನಿಮಿಷದ ಬ್ಯಾಂಡಿಗೆ ನಲವತ್ತು ವರ್ಷದ ಅನ್ನ ಮಾರ್ತೀರಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದು ನಿಮ್ಮ ಸೇನೆಯಲ್ಲಿ ಕಲಿಸ್ತಾರೇನು?"

ಅವನಿಗೆ ನಗು ಬಂತು, ಆದರೆ ನಗಲಿಲ್ಲ. ಕೊನೆಗೆ ಒಪ್ಪಿದ. ನಾಲ್ಕು ಸಂಜೆ ಅವಳೇ ಬೋರ್ಡಿನ ಕರ್ನಲ್ ಆಗಿ ಹೊಲಿಗೆ ಯಂತ್ರದ ಹಿಂದೆ ಕೂತು, "ದೂರೇನಾದರೂ ಇದೆಯಾ?" ಎಂದು ಗದರಿದಳು. "ಇದೆ ಸರ್" ಎಂದು ಅವನು ನೆಲ ನೋಡಿಕೊಂಡು ಹೇಳಿದ. ಐದನೆಯ ಸಂಜೆಯ ಹೊತ್ತಿಗೆ ಮುಖ ನೋಡಿಯೇ ಹೇಳಿದ.

ಬೋರ್ಡಿನ ದಿನ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಕೋಣೆಗೆ ಇದ್ದದ್ದು ಅರ್ಧ ಬಾಗಿಲು. ಕೆಳಗಿನಿಂದ ಬೂಟುಗಳು ಕಾಣುತ್ತಿದ್ದವು. ಗಂಡನ ಬೂಟುಗಳು ಒಳಗೆ ನಡೆದು, ಟಪ್ ಎಂದು ಹಿಮ್ಮಡಿ ಕೂಡಿಸಿ ನಿಂತವು. ಒಳಗೆ ಕರ್ನಲ್ ಮತ್ತು ಇಬ್ಬರು ಡಾಕ್ಟರು.

"ದೂರೇನಾದರೂ ಇದೆಯಾ?" ಕರ್ನಲ್ ಧ್ವನಿ.

"ಇಲ್ಲ, ಸರ್!"

ಗೋಡೆ ನಡುಗುವ ಹಾಗೆ ಹೇಳಿದ. ಇಪ್ಪತ್ತೆರಡು ವರ್ಷ, ಪ್ರತಿ ತಪಾಸಣೆಯಲ್ಲೂ ಹೇಳಿದ ಹಾಗೆಯೇ. ಹಿಮ್ಮಡಿ ಕೂಡಿದ ಕೂಡಲೇ ಬಾಯಿ ತಾನಾಗಿ ತೆರೆದುಕೊಂಡಿತ್ತು; ಅವನನ್ನು ಕೇಳಿಯೇ ಇರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಕಾಗದ ಸರಿದ ಸದ್ದು ಕೇಳಿತು, "ಇಲ್ಲಿ ಸಹಿ ಹಾಕಿ" ಎಂಬ ಮಾತು ಕೇಳಿತು. ಅರ್ಧ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಅಮ್ಮಾ, ನೀವು ಹೊರಗಿರಬೇಕು," ಎಂದರು ಕರ್ನಲ್.

"ಇರ್ತೀನಿ ಸಾಹೇಬ್ರೇ. ಅದಕ್ಕೆ ಮುಂಚೆ ನಿಮ್ಮ ಸಿಪಾಯಿಗೆ ಒಂದೇ ಒಂದು ಆಜ್ಞೆ ಕೊಡಿ. ಕುಕ್ಕರುಗಾಲಲ್ಲಿ ಕೂತು, ಏನೂ ಹಿಡಿದುಕೊಳ್ಳದೆ ಎದ್ದು ನಿಲ್ಲೋಕೆ ಹೇಳಿ. ಎದ್ದರೆ ಸಹಿ ಹಾಕಿಸಿಕೊಳ್ಳಿ, ನಾನು ತುಟಿ ಪಿಟಿಕ್ಕೆನ್ನಲ್ಲ."

"ಅವರೇ ದೂರಿಲ್ಲ ಅಂದರಲ್ಲ?"

"ಅದು ಅವರ ಅಭ್ಯಾಸ. ಅವರ ಕಾಲನ್ನ ಕೇಳಿ."

ಡಾಕ್ಟರೊಬ್ಬರು ಕಡತ ತಿರುವಿ, ಎಂಟು ವರ್ಷದ ಹಿಂದಿನ ಮೂರು ದಿನದ ವಿಶ್ರಾಂತಿ ಚೀಟಿಯ ಮೇಲೆ ಬೆರಳಿಟ್ಟು ಕರ್ನಲ್‌ಗೆ ತೋರಿಸಿದರು. ಕರ್ನಲ್ ಕನ್ನಡಕ ಏರಿಸಿ ಅವನನ್ನು ನೋಡಿದರು.

"ಕೂತ್ಕೊಳ್ಳಿ."

ಕೂತ. ಕೂರುವಾಗಲೇ ಮುಖ ಬೆಳ್ಳಗಾಯಿತು.

"ಏಳಿ."

ಹಲ್ಲು ಕಚ್ಚಿ ಎದ್ದ, ಅರ್ಧಕ್ಕೆ ಬಂದು ಹಿಂದಕ್ಕೆ ಕುಸಿದ. ಇನ್ನೊಮ್ಮೆ ಎದ್ದ, ಇನ್ನೊಮ್ಮೆ ಕುಸಿದ. ಹಣೆಯ ಬೆವರು ಕಾಲರಿಗೆ ಇಳಿಯಿತು. ಅವಳು ಒಂದು ಹೆಜ್ಜೆ ಮುಂದಿಟ್ಟವಳು ತಡೆದು ನಿಂತಳು. ಎಂಟು ವರ್ಷ ಪ್ರತಿ ಬೆಳಿಗ್ಗೆ ಹೆಗಲು ಕೊಟ್ಟು ಎಬ್ಬಿಸಿದವಳು ಇವತ್ತು ಕೈ ಕಟ್ಟಿ ನೋಡಬೇಕು. ಇಷ್ಟು ಜನರ ಮುಂದೆ ಅವನನ್ನು ನೆಲಕ್ಕೆ ಕೂರಿಸಿದವಳೂ ತಾನೇ. ಆದರೂ ಅವಳು ಕೈ ಚಾಚಲಿಲ್ಲ.

ಅವನ ಕೈ ಮೇಜಿನ ಕಾಲಿಗೆ ಹೋಯಿತು. ಅದನ್ನು ಹಿಡಿದು ಜಗ್ಗಿದ್ದರೆ ಖಂಡಿತ ಎದ್ದುಬಿಡುತ್ತಿದ್ದ. ಹಟಕ್ಕೆ ಬಿದ್ದರೆ ಏನನ್ನಾದರೂ ಎತ್ತುವ ಆಸಾಮಿ ಅವನು. ಮೇಜಿನ ಕಾಲು ಹಿಡಿದೇ ಹೆಂಡತಿಯ ಕಡೆ ತಿರುಗಿದ. ಅವಳು ಅಳುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತಿದ್ದಳು. ಅವನು ಮೇಜು ಬಿಟ್ಟ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಚಾಚಿ, ಮನೆಯ ನೆಲದ ಮೇಲೆ ಕೂರುವ ಹಾಗೆ ಆರಾಮಾಗಿ ಕೂತುಬಿಟ್ಟ.

ಡಾಕ್ಟರು ಎದ್ದು ಕೈ ಕೊಡಲು ಬಂದರು.

"ಬೇಡ ಸರ್," ಎಂದ.

"ಏನ್ರೀ ಇದು?" ಕರ್ನಲ್ ಧ್ವನಿ ಏರಿತು. "ಎದ್ದು ನಿಲ್ಲಿ. ಇದು ಆಜ್ಞೆ!"

"ಇಪ್ಪತ್ತೆರಡು ವರ್ಷದಲ್ಲಿ ಯಾವ ಆಜ್ಞೆಗೂ ಆಗಲ್ಲ ಅಂದವನಲ್ಲ ಸರ್. ಇವತ್ತು ಅಂತೀನಿ. ಏಳೋಕಾಗಲ್ಲ. ಅದನ್ನೇ ಬರ್ಕೊಳ್ಳಿ. ನೀವು ಬರೆಯೋ ತನಕ ನಾನು ಇಲ್ಲಿಂದ ಅಲ್ಲಾಡಲ್ಲ."

ಅವಳು ಹೋಗಿ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನಿಮಗೇನಾಯ್ತಮ್ಮ?" ಎಂದರು ಕರ್ನಲ್.

"ನಂಗೇನೂ ಆಗಿಲ್ಲ ಸಾಹೇಬ್ರೇ. ದೂರು ಉದ್ದ ಇದೆ. ನಿಂತು ಹೇಳಿ ಪೂರೈಸಲ್ಲ."

ಕರ್ನಲ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ತೆಗೆದರು.

"ಸರಿ, ಹೇಳಿ. ನೋವು ಎಷ್ಟು ದಿನದಿಂದ?"

"ಎಂಟು ವರ್ಷದಿಂದ, ಸರ್," ಎಂದ ಕಬ್ಬಿಣದಣ್ಣ. "ಒಂದು ದಿನವೂ ರಜೆ ತಗೊಂಡಿಲ್ಲ."