ತನ್ನ ಸಾವಿನ ವಾರ್ತೆ ಓದಿದವನು

ಹೆಸರು ಓದುವ ಮುನ್ನ ಅವನು ಎಳೆದುಕೊಳ್ಳುತ್ತಿದ್ದ ಉಸಿರು ಊರಿಗೆಲ್ಲ ಕೇಳಿಸುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ ರೇಡಿಯೋದಲ್ಲಿ ಮರಣವಾರ್ತೆ. ಸರೋವರದ ದಂಡೆಯಿಂದ ಗುಡ್ಡದ ಮೇಲಿನ ಬಾಳೆತೋಟಗಳವರೆಗೆ, ರಾಗಿಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ಆ ಉಸಿರಿಗೆ ಅರ್ಧದಲ್ಲೇ ನಿಂತುಬಿಡುತ್ತಿದ್ದವು. ಉಸಿರು ಉದ್ದವಾದಷ್ಟೂ ಸತ್ತವರು ಚಿಕ್ಕ ವಯಸ್ಸಿನವರು ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ವಾರ್ತೆ ಓದುವ ಅವನ ಹೆಸರು ಕ್ಯೋಮ್ಯಾ. ನಮ್ಮಲ್ಲಿ ಯಾರನ್ನೂ ಬರಿಯ ಹೆಸರಿಂದ ಕೂಗುವುದಿಲ್ಲವಾದ್ದರಿಂದ ಅವನ ಅಕ್ಕರೆಯ ಹೆಸರು ಅರಾಲಿ, ನನ್ನದು ಅಕೀಕಿ. ನಾನು ರೇಡಿಯೋ ಕೇಂದ್ರದ ಜಗಲಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಬದುಕಿದವಳು. ಅವನು ಬರುವುದನ್ನೂ ಹೋಗುವುದನ್ನೂ ಹದಿನಾಲ್ಕು ವರ್ಷ ನೋಡಿದ್ದೇನೆ. ಎದುರು ಬರುವ ಗಾಡಿಗಳ ಮುಖ ಕಾಣುವಂತೆ ರಸ್ತೆಯ ಅಂಚಿನಲ್ಲಿಯೇ ನಡೆಯುವನು. ಹಿಂದಿನಿಂದ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ನಿಂತುಬಿಡುವನು. ಅದು ದಾಟಿ ಹೋದ ಮೇಲೇ ಮುಂದಿನ ಹೆಜ್ಜೆ. ಬೇಸಿಗೆಯಲ್ಲೂ ಒಂದು ಕಂದು ಬಣ್ಣದ ಕೋಟು. ಒಮ್ಮೆ ಪೊಲೀಸರು ಅದರ ಜೇಬಿನಿಂದ ಅವನು ಇಟ್ಟಿರದ ಗಾಂಜಾ ಪೊಟ್ಟಣ ತೆಗೆದು ತೋರಿಸಿ ಒಂಬತ್ತು ದಿನ ಒಳಗಿಟ್ಟಿದ್ದರು. ಬಿಡುಗಡೆಯಾದ ದಿನ ನೇರವಾಗಿ ನನ್ನಲ್ಲಿಗೆ ಬಂದು, "ಅಕೀಕಿ, ಜೇಬೆಲ್ಲ ಮುಚ್ಚಿ ಹೊಲಿದ್ಬಿಡಿ. ನನಗೆ ಎರಡು ಕೈ ಸಾಕು" ಅಂದ.

ನನ್ನ ಗಂಡ ತೀರಿಕೊಂಡಾಗ ಕೇಂದ್ರದ ಕಿಟಕಿಯಲ್ಲಿ ಮರಣವಾರ್ತೆಯ ಚೀಟಿ ಕೊಟ್ಟು ಬಂದಿದ್ದೆವು. ಅವನು ಮನೆಗೇ ಬಂದ. ಹೆಸರನ್ನು ಅತ್ತೆಯವರು ಹೇಗೆ ಕೂಗುತ್ತಿದ್ದರು ಎಂದು ನನ್ನಿಂದ ಮೂರು ಸಲ ಹೇಳಿಸಿದ. ಆಮೇಲೆ, ಸತ್ತದ್ದನ್ನು ಯಾರು ನೋಡಿದರು ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವನ ಮೊಂಡುತನವೇ ಅದು: ಕಂಡವರೊಬ್ಬರು ಸಿಗದೆ ಯಾರನ್ನೂ ಅವನು ಸಾಯಲು ಬಿಡುತ್ತಿರಲಿಲ್ಲ.

ಈ ಮೊಂಡುತನವೇ ಅವನನ್ನು ಚಿನ್ನ ಅಗೆಯುವ ಗುಂಡಿಯ ಬಾಯಿಗೆ ಒಯ್ದದ್ದು. ಗುಡ್ಡದಾಚೆಯ ಗುಂಡಿ ಕುಸಿದ ವಾರದಿಂದ ಹನ್ನೊಂದು ಗಂಡಸರು ಮನೆಗೆ ಬರಲಿಲ್ಲ. ಕೂಲಿ ತೆಗೆದುಕೊಂಡು ಸರೋವರದಾಚೆ ಹೋದರು ಎಂದು ಗುಂಡಿಯ ಯಜಮಾನರು ಸಾರಿದರು. ಶವವಿಲ್ಲದೆ ಮನೆಯವರು ಚೀಟಿ ಕೊಡುವ ಹಾಗಿಲ್ಲ. ಅರಾಲಿ ದಿನವೂ ಮರಣವಾರ್ತೆಯ ಕೊನೆಗೆ ಆ ಹನ್ನೊಂದು ಹೆಸರು ಓದತೊಡಗಿದ. "ಇವರು ಸತ್ತರೆಂದು ಕಂಡವರಿಲ್ಲ, ಹೋದರೆಂದೂ ಕಂಡವರಿಲ್ಲ" ಎನ್ನುವನು, ಅಷ್ಟೇ. ಕೇಂದ್ರದ ಫೋನು ಹೊಡೆದುಕೊಳ್ಳುವುದು. ಎತ್ತಿದರೆ ಆ ಕಡೆ ಮಾತಿಲ್ಲ. ಯಾರೋ ಅವನ ಹಾಗೆಯೇ ಉದ್ದನೆಯ ಉಸಿರೊಂದನ್ನು ಎಳೆದುಕೊಂಡು ಇಟ್ಟುಬಿಡುವರು.

ಒಂದು ಸೋಮವಾರ ಕಿಟಕಿಯಲ್ಲಿ ಬಂದ ಚೀಟಿಯಲ್ಲಿ ಅವನ ಹೆಸರಿತ್ತು. ದುಂಡನೆಯ ಅಕ್ಷರ. ತಂದೆಯ ಹೆಸರು, ತಾಯಿಯ ಊರು, ದುಃಖತಪ್ತರಲ್ಲಿ ಅವನನ್ನು ಸಾಕಿದ ಸೋದರತ್ತೆ, ಎಲ್ಲವೂ ಸರಿ. ಗುರುವಾರ ಎರಡು ಗಂಟೆಗೆ ಸ್ವಗೃಹದಲ್ಲಿ ಮಣ್ಣು. ಕೊಟ್ಟವನು ಸಾಲಿನಲ್ಲಿ ಸಭ್ಯವಾಗಿ ನಿಂತಿದ್ದನೆಂದೂ ಅವನ ಉಗುರುಗಳು ಬಹಳ ಸ್ವಚ್ಛವಾಗಿದ್ದವೆಂದೂ ಗುಮಾಸ್ತೆ ಹೇಳಿದಳು.

"ಇದನ್ನ ಓದ್ಬೇಡ ಮಗಾ" ಅಂದೆ.

"ಓದದಿದ್ರೆ, ಅವರು ಬರೋ ಗುರುವಾರ ನಾನೊಬ್ಬನೇ ಮನೇಲಿರ್ತೀನಿ ಅಕೀಕಿ" ಅಂದ.

ಓದಿದ. ಅದೇ ಉಸಿರು, ಅದೇ ಧ್ವನಿ. ಕೇಳಿದವರೆಲ್ಲ ಬರಬೇಕೆಂದು ಕೋರಿ, ಹನ್ನೊಂದು ಹೆಸರನ್ನೂ ಓದಿ ಮುಗಿಸಿದ. ಅವನ ಲೆಕ್ಕ ಸರಿಯಾಗಿತ್ತು. ಸಾವು ಕೇಳಿದ ಮೇಲೆ ಮನೆಯಲ್ಲಿ ಕೂರುವ ಜನ ನಾವಲ್ಲ. ಗುರುವಾರ ಬೆಳಗಿನಿಂದಲೇ ಸೌದೆ ಹೊತ್ತು, ಅವರೆಕಾಳು ಹೊತ್ತು, ಅಂಗಳ ತುಂಬಿ ಬಾಳೆತೋಟದವರೆಗೆ ಜನ. ಅವನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಅಕ್ಕರೆಯ ಹೆಸರಿನಿಂದ ಮಾತಾಡಿಸಿದ. "ಹೆಣವೇ ಬಾಗಿಲಲ್ಲಿ ನಿಂತು ಊಟ ಆಯ್ತಾ ಅಂತ ಕೇಳೋದನ್ನ ಇವತ್ತೇ ಕಂಡೆ" ಎಂದು ಕಟುಕ ಅಪೂಲಿ ನಗಿಸಿದ. ಹಲಸಿನ ಮರದಡಿ ಕಪ್ಪು ಗಾಜಿನ ಕಾರೊಂದು ಎರಡು ಗಂಟೆಯವರೆಗೂ ನಿಂತಿತ್ತು, ಆಮೇಲೆ ಹೋಯಿತು.

ಅವನ ಲೆಕ್ಕಕ್ಕೆ ಬಾರದೆ ಉಳಿದದ್ದು ಸೋದರತ್ತೆ ನ್ಯಾಮಹುಂಗೆ. ಸರೋವರದ ದ್ವೀಪದಲ್ಲಿ ರೇಡಿಯೋ ಕೇಳಿದವರ ಬಾಯಿಂದ ಸುದ್ದಿಯಷ್ಟೇ ತಿಳಿದವಳೇ ತಲೆ ಬೋಳಿಸಿಕೊಂಡು, ಹೆಣಕ್ಕೆ ಹೊದಿಸಲು ಮರದ ತೊಗಟೆಯ ಬಟ್ಟೆ ಹಿಡಿದು, ಮೂರು ದಿನ ದೋಣಿಯಲ್ಲಿ ಗೋಳಾಡುತ್ತ ಬಂದಿದ್ದಳು. ಬಾಗಿಲಲ್ಲಿ ಅವನನ್ನು ಕಂಡು ಅವಳ ಅಳು ನಿಂತಿತು. ಸಂತೋಷದಿಂದಲ್ಲ.

"ನಿನಗೆ ಅಂತ ಕೂದಲು ಕೊಟ್ಟೆ, ಕಣ್ಣೀರು ಕೊಟ್ಟೆ, ಕಳಿಸಿಕೊಟ್ಟೆ. ಈಗ ಇಲ್ಲಿ ನಿಂತಿರೋದು ಯಾರಪ್ಪ?"

ಮುಟ್ಟಿ ನೋಡು ಎಂದು ಅವನು ಕೈ ಚಾಚಿದ. ಅವಳು ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ತಂದ ಬಟ್ಟೆಯನ್ನು ಅವನ ಮಂಚದ ಮೇಲೆ ಹಾಸಿ, ಬಂದ ದಾರಿಯಲ್ಲೇ ಹೋದಳು. ಅಂಗಳದಲ್ಲಿ ನಗುತ್ತಿದ್ದವರು ಒಬ್ಬೊಬ್ಬರಾಗಿ ಎದ್ದರು.

ಆಮೇಲೆ ಊರು ಬದಲಾದದ್ದು ಹೇಗೆಂದು ಹೇಳುವುದು ಕಷ್ಟ. ಯಾರೂ ಅವನನ್ನು ಬೈಯಲಿಲ್ಲ. ಸಂತೆಯಲ್ಲಿ ಹೆಂಗಸರು ಬಾಳೆಗೊನೆಯನ್ನು ಅವನ ಕೈಗೆ ಕೊಡದೆ ನೆಲಕ್ಕಿಟ್ಟು ಸರಿಯುತ್ತಿದ್ದರು. ಅವನು ಕುಳಿತ ಬೆಂಚು ಖಾಲಿಯಾಗುತ್ತಿತ್ತು. ಗುಂಡಿಯ ಕಡೆಯ ಸುದ್ದಿಯನ್ನು ಕದ್ದು ತಂದು ಹೇಳುತ್ತಿದ್ದವರು ಬರುವುದು ಬಿಟ್ಟರು. ಸತ್ತವನಿಗೆ ಸುದ್ದಿ ಹೇಳುವವರು ಯಾರು? ಒಂದು ಗಂಟೆಗೆ ಆ ಉಸಿರು ಕೇಳಿದರೆ ಕೆಲವರು ರೇಡಿಯೋ ಆರಿಸುತ್ತಿದ್ದರು. ತೋಳು ಹರಿದ ಕೋಟು ಹೊಲಿದ ದಿನ ನಾನೂ ಅದನ್ನು ಕೈಗೆ ಕೊಡಲಿಲ್ಲ, ಬೆಂಚಿನ ಮೇಲಿಟ್ಟೆ. ಅವನು ಅದನ್ನು ಕಂಡ. "ಪರವಾಗಿಲ್ಲ ಅಕೀಕಿ, ಬೆಂಚೂ ನಿಮ್ಮದೇ ತಾನೇ" ಎಂದು ಎತ್ತಿಕೊಂಡ.

ಎರಡು ವರ್ಷ ಹಾಗೆಯೇ ಓದಿದ. ಒಂದು ಬೆಳಿಗ್ಗೆ, ಗುಂಡಿಯ ನೀರು ಬಸಿಯುತ್ತಿದ್ದಾರೆ, ಮೂಳೆ ಕಾಣುತ್ತಿವೆಯಂತೆ ಎಂದು ಯಾರೋ ಫೋನಿನಲ್ಲಿ ಹೇಳಿದರು. ಬಹಳ ದಿನದ ಮೇಲೆ ಒಬ್ಬರು ಕರೆದರೆಂಬ ಸಂಭ್ರಮ ಅವನ ಮುಖದಲ್ಲಿತ್ತು. ಹೋದ. ಬರಲಿಲ್ಲ. ಕಂಡವರಿಲ್ಲ.

ಎಂಟನೆಯ ದಿನ ನಾನು ಕಿಟಕಿಗೆ ಹೋಗಿ, ಹನ್ನೊಂದು ಹೆಸರಿನ ಜೊತೆ ಅವನದನ್ನೂ ಓದಿ ಎಂದೆ. ಹೊಸದಾಗಿ ಬಂದಿದ್ದ ಹೆಂಗಸು ಆ ಪಟ್ಟಿ ಈಗ ಓದುವುದಿಲ್ಲ ಎಂದಳು. ಹಾಗಾದರೆ ಮರಣವಾರ್ತೆಯಲ್ಲಾದರೂ ಓದಿ ಎಂದೆ. ಅವಳು ಪುಸ್ತಕ ತೆರೆದು, ಬೆರಳಿಟ್ಟು ಹುಡುಕಿ, ಮೆಲ್ಲಗೆ ಹೇಳಿದಳು: "ಅಜ್ಜಿ, ಇದು ಓದಾಗಿದೆ. ಮಣ್ಣಿಗೆ ನೀವೂ ಹೋಗಿದ್ರಂತಲ್ಲ."

ಇಂಥವರನ್ನು ದೊಡ್ಡವರು ಭಾಷಣಗಳಲ್ಲಿ ಧೀರರೆನ್ನುತ್ತಾರೆ. ನಾನು ಕಂಡಂತೆ ಅವರು ಬಹಳ ಹೆದರುವ ಜನ. ಗೊತ್ತಾದದ್ದನ್ನು ಒಬ್ಬರೇ ಇಟ್ಟುಕೊಂಡು ಬದುಕಲು ಮಾತ್ರ ಅವರಿಗೆ ಬರುವುದಿಲ್ಲ. ಅವರನ್ನು ಕೊಲ್ಲುವವರು ಒಬ್ಬರೋ ಇಬ್ಬರೋ ಇದ್ದಾರು. ಅದಕ್ಕೆ ಮೊದಲು, ಅವರಿನ್ನೂ ಉಸಿರಾಡುತ್ತಿರುವಾಗಲೇ, ಒಂದು ಗೇಣು ಆಚೆ ಸರಿದು ಕೂರುವವರು ಬಹಳ ಮಂದಿ. ಎಲ್ಲರೂ ಒಳ್ಳೆಯವರೇ, ಸೌದೆ ಹೊತ್ತು ಬಂದವರೇ.